ಪ್ರಯೋಗ ಸರಿ ಉಂಟು

ನಮ್ಮ ಇಂಗ್ಲಿಷ್ ಮಾಷ್ಟ್ರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹತ್ತನೇ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ. ಐವರ್ನಾಡಿನ ಮನೆಯಲ್ಲಿ, ಬೆಳಿಗ್ಗೆ ಮುಖ ತೊಳೆಯಲು ಹೋದವರು ಅಲ್ಲೇ ಕುಸಿದರಂತೆ. ಮಧ್ಯಾಹ್ನದೊಳಗೆ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಒಬ್ಬ, "ಅನ್ಯಾಯದ ಎದುರು ಎದ್ದು ನಿಂತ ಧೀರ ಗುರು" ಎಂದು ಬರೆದ. ಇನ್ನೊಬ್ಬಳು ನನ್ನ ಹೆಸರು ಹಾಕಿ, "ಇವಳಿಗೋಸ್ಕರ ಕೆಲಸ ಕಳಕೊಂಡವರು" ಎಂದಳು. ನಾನು ಏನೂ ಬರೆಯಲಿಲ್ಲ. ಎರಡೂ ಮಾತು ಪೂರ್ತಿ ಸುಳ್ಳಲ್ಲ. ಆದರೆ ಮಾಷ್ಟ್ರು ಇದ್ದಿದ್ದರೆ ಎರಡರ ಅಡಿಗೂ ಕೆಂಪು ಗೆರೆ ಎಳೆಯುತ್ತಿದ್ದರು.

ಕೆಂಪು ಗೆರೆ ಎಳೆಯುವುದು ಅವರ ಅಭ್ಯಾಸ. ಮದುವೆ ಕಾಗದ ಕೊಟ್ಟರೆ ಮೊದಲು ಅದರ ಇಂಗ್ಲಿಷ್ ಓದುತ್ತಿದ್ದರು, ಆಮೇಲೆ ಹುಡುಗ ಯಾರು, ಹುಡುಗಿ ಯಾರು ಎಂದು ಕೇಳುತ್ತಿದ್ದರು. ನನ್ನ ಅಕ್ಕನ ಮದುವೆಯ ಕಾಗದವನ್ನು ತಿದ್ದಿ, ಮದುವೆಗೂ ಬಂದು ಊಟ ಮಾಡಿ, ಹೋಗುವಾಗ ಅಪ್ಪನ ಕೈಗೆ ಕೊಟ್ಟಿದ್ದರು. "ಮುಂದಿನ ಮಗಳದ್ದಕ್ಕೆ ಬೇಕಾಗ್ತದೆ, ಇಟ್ಟುಕೊಳ್ಳಿ," ಎಂದರಂತೆ. ಮುಂದಿನ ಮಗಳು ನಾನೇ. ಅಪ್ಪ ಅದನ್ನು ನಿಜವಾಗಿಯೂ ತೆಗೆದಿಟ್ಟಿದ್ದರು.

ನಮ್ಮದು ಕೋಡಿಂಬಾಳದ ಕಡೆ. ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಕಲಿತ ಹೈಸ್ಕೂಲು ಅಲ್ಲಿಂದ ಸ್ವಲ್ಪ ದೂರ. ಅನುದಾನದ ಶಾಲೆ, ಹೆಸರು ಬೇಡ. ಮಾಷ್ಟ್ರು ಐವರ್ನಾಡಿನವರು, ವಾರವಿಡೀ ಶಾಲೆಯ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು, ನಮ್ಮ ಹತ್ತಿರ ಕನ್ನಡ. ಇಂಗ್ಲಿಷನ್ನು ಮಾತ್ರ, ಬೇರೆಯವರ ಮನೆಯಿಂದ ತಂದ ಪಾತ್ರೆಯನ್ನು ಹಿಡಿದ ಹಾಗೆ ಜೋಪಾನವಾಗಿ ಆಡುತ್ತಿದ್ದರು. ಅವರ ಹುದ್ದೆಗೆ ಇಲಾಖೆಯ ಮಂಜೂರಾತಿ ಬಂದಿರಲಿಲ್ಲ. ವರ್ಷ ವರ್ಷ ಜೂನ್ ತಿಂಗಳಲ್ಲಿ ಆಡಳಿತ ಮಂಡಳಿಯವರು "ಈ ವರ್ಷವೂ ಬನ್ನಿ" ಎಂದರೆ ಬರುವುದು. ಇದು ನಮಗೆ ಆಗ ಗೊತ್ತಿರಲಿಲ್ಲ. ದೊಡ್ಡ ಮಾಷ್ಟ್ರುಗಳ ಮುಂದೆ ಅವರು ಯಾಕೆ ಅಷ್ಟು ಮೆಲ್ಲ ಮಾತಾಡುತ್ತಾರೆ ಎಂದು ಮಾತ್ರ ಆಶ್ಚರ್ಯವಾಗುತ್ತಿತ್ತು.

ಅವರ ಅಂಗಿಯ ಜೇಬು ಯಾವಾಗಲೂ ಬಿಳಿ. ತುಂಡು ಸೀಮೆಸುಣ್ಣಗಳನ್ನು ಎಸೆಯದೆ ಅದರಲ್ಲಿ ಹಾಕಿಕೊಳ್ಳುತ್ತಿದ್ದರು. ಬೆತ್ತ ಹಿಡಿದದ್ದನ್ನು ನಾನು ನೋಡಿಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುವರು. ಒರೆಸಿ ಮುಗಿಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಪಾಠ ಮಾಡುವಾಗ ಹೊಸ ಶಬ್ದ ಬಂದರೆ ಅರ್ಥ ಕೇಳುತ್ತಿರಲಿಲ್ಲ. "ಇದರ ಜೊತೆಗಾರ ಯಾರು?" ಎಂದು ಕೇಳುತ್ತಿದ್ದರು.

"ಚಹಾ ಸ್ಟ್ರಾಂಗ್, ಮಳೆ ಹೆವಿ," ಎಂದು ಬೋರ್ಡಿನಲ್ಲಿ ಎರಡು ಸಾಲು ಮಾಡುವರು. "ಸ್ಟ್ರಾಂಗ್ ಮಳೆ ಅಂದ್ರೆ ಅರ್ಥ ಆಗುದಿಲ್ಲ ಅಂತ ಅಲ್ಲ. ಅರ್ಥ ಆಗ್ತದೆ. ಆದ್ರೆ ಶಬ್ದವನ್ನು ತಪ್ಪು ಮನೆಗೆ ಕಳಿಸಿದ ಹಾಗೆ ಆಗ್ತದೆ."

ಹೀಗೆ ಒಂದು ದಿನ ಬಂದದ್ದು 'ಅಂಡರ್ ಡ್ಯೂರೆಸ್'. ಅದು ಪಠ್ಯದಲ್ಲಿ ಇರಲಿಲ್ಲ. ಪಾಠದ ಒಂದು ಕಥೆಯಲ್ಲಿ ಒಬ್ಬ ಮುದುಕ ಮನಸ್ಸಿಲ್ಲದೆ ಕಾಗದಕ್ಕೆ ಸಹಿ ಹಾಕುತ್ತಾನೆ. ಅದನ್ನು ಒಂದೇ ಮಾತಿನಲ್ಲಿ ಹೇಳುವುದು ಹೇಗೆ ಎಂದು ಮಾಷ್ಟ್ರು ಕೇಳಿದರು. ಹಿಂದಿನ ಬೆಂಚಿನವನೊಬ್ಬ "ಬೈ ಫೋರ್ಸ್" ಎಂದ.

"ಅದು ಬೇರೆ," ಎಂದರು. "ಕೈ ಹಿಡಿದು ಎಳೆದು ಹೆಬ್ಬೆಟ್ಟು ಒತ್ತಿಸಿದ್ರೆ ಬೈ ಫೋರ್ಸ್. ಇಲ್ಲಿ ಯಾರೂ ಅವನನ್ನು ಮುಟ್ಟಿಲ್ಲ. ಸುತ್ತ ನಿಂತಿದ್ದಾರೆ, ಅಷ್ಟೆ. ಅವನ ಕೈ, ಅವನ ಪೆನ್ನು, ಅವನದ್ದೇ ಸೈನ್. ಆದ್ರೂ ಅವನು ಹಾಕಿದ್ದಲ್ಲ. ಇದಕ್ಕೆ ಅಂಡರ್ ಡ್ಯೂರೆಸ್ ಅಂತ ಹೇಳುದು. ಅಂಡರ್ ಅಂದ್ರೆ ಎಂತ?"

"ಕೆಳಗೆ ಸರ್."

"ಬಲವಂತದ ಕೆಳಗೆ. ಮೇಜಿನ ಕೆಳಗೆ ಕೂತವ ನಮಗೆ ಕಾಣ್ತಾನೆ. ಇದರ ಕೆಳಗೆ ಕೂತವ ಕಾಣುದಿಲ್ಲ. ನೋಡುವವರಿಗೆ ಅವನು ಕುರ್ಚಿಯಲ್ಲೇ ಕೂತಿರ್ತಾನೆ."

ಆಮೇಲೆ ಅದರ ಜೊತೆಗಾರರನ್ನು ಬರೆಸಿದರು. ಸಹಿ ಹಾಕುವುದು, ಒಪ್ಪಿಕೊಳ್ಳುವುದು, ತಪ್ಪೊಪ್ಪಿಗೆ ಬರೆದುಕೊಡುವುದು. ಇಂಥ ಕ್ರಿಯಾಪದಗಳ ಜೊತೆ ಮಾತ್ರ ಅದು ಬರುವುದು. ಒಬ್ಬ, "ಸರ್, ಹೋಮ್‌ವರ್ಕ್ ಅಂಡರ್ ಡ್ಯೂರೆಸ್ ಅಂತ ಹೇಳ್ಬಹುದಾ?" ಎಂದು ಕೇಳಿದ. "ತಮಾಷೆಗೆ ಹೇಳ್ಬಹುದು," ಎಂದು ಅವರೂ ನಕ್ಕರು. ಗಂಟೆ ಹೊಡೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಕನ್ನಡದಲ್ಲಿ ಇದು ಎಷ್ಟು ಸೂಕ್ಷ್ಮ ನೋಡಿ ಎಂದು, 'ನನಗೆ ಬರೆಯಬೇಕು', 'ನಾನು ಬರೆಯಬೇಕು' ಎಂದು ಬೋರ್ಡಿನ ಮೂಲೆಯಲ್ಲಿ ಬರೆದರು. "ಒಂದು ಆಸೆ, ಇನ್ನೊಂದು ಕಟ್ಟಳೆ. ಎರಡಕ್ಕೂ ಅದೇ 'ಬೇಕು'."

ಆ ವಾರವಿಡೀ ನಾವು ಎಲ್ಲದಕ್ಕೂ ಆ ಎರಡು ಶಬ್ದ ಹೇಳಿಕೊಂಡು ತಿರುಗಿದೆವು. ಆಮೇಲೆ ಮರೆತೆವು.

ನಮ್ಮ ಶಾಲೆಯಲ್ಲಿ ಹುಡುಗಿಯರ ಶೌಚಾಲಯ ಇತ್ತು, ಆದರೆ ಅದಕ್ಕೆ ಬೀಗ ಹಾಕಿರುತ್ತಿತ್ತು. ಬೀಗದ ಕೈ ಹೆಡ್ಮಾಷ್ಟ್ರ ಡ್ರಾಯರಿನಲ್ಲಿ. ಮಕ್ಕಳು ಗಲೀಜು ಮಾಡುತ್ತಾರೆ, ಇಲಾಖೆಯವರು ಬಂದಾಗ ಕ್ಲೀನಾಗಿರಬೇಕು ಎಂದು ಅವರ ಲೆಕ್ಕ. ಕೇಳಿ ತೆಗೆದುಕೊಂಡು ಹೋಗಬಹುದಿತ್ತು, ಆದರೆ ಹದಿನೈದು ವರ್ಷದ ಯಾವ ಹುಡುಗಿ ಹೋಗಿ ಕೇಳುತ್ತಾಳೆ? ನಾವು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಇರುತ್ತಿದ್ದೆವು. ಆ ವರ್ಷ ಯಾರೋ ಇದನ್ನು ಹೆಸರಿಲ್ಲದ ಅರ್ಜಿಯಲ್ಲಿ ಬರೆದು ಇಲಾಖೆಗೆ ಕಳಿಸಿದರು. ಇಲಾಖೆಯಿಂದ ಶಾಲೆಗೆ ಸಮಜಾಯಿಷಿ ಕೇಳಿ ಕಾಗದ ಬಂತು. ಅರ್ಜಿಯ ಕನ್ನಡ ಚೆನ್ನಾಗಿತ್ತಂತೆ. ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಳ್ಳುತ್ತಿದ್ದವಳು ನಾನು. ಅಷ್ಟು ಸಾಕಾಯಿತು.

ನಾನು ಬರೆದಿರಲಿಲ್ಲ. ಯಾರು ಬರೆದದ್ದೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಮೂರನೇ ಪೀರಿಯಡ್ಡಿನಲ್ಲಿ ನನ್ನನ್ನು ಕರೆಸಿದರು. ಕೋಣೆಯಲ್ಲಿ ಹೆಡ್ಮಾಷ್ಟ್ರು, ಆಡಳಿತ ಮಂಡಳಿಯ ಒಬ್ಬರು, ಮತ್ತು ಕಿಟಕಿಯ ಹತ್ತಿರ ನಮ್ಮ ಇಂಗ್ಲಿಷ್ ಮಾಷ್ಟ್ರು. ಯಾರೂ ಬೈಯಲಿಲ್ಲ. ಹೆಡ್ಮಾಷ್ಟ್ರು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಇನ್ನೆರಡು ತಿಂಗಳಲ್ಲಿ ಪರೀಕ್ಷೆ, ಹಾಲ್ ಟಿಕೆಟ್ ಬರಬೇಕು, ಶಾಲೆಗೆ ಕೆಟ್ಟ ಹೆಸರು ತಂದವರ ಹಾಲ್ ಟಿಕೆಟಿಗೆ ತಾವು ಹೇಗೆ ಸೀಲು ಹಾಕುವುದು ಎಂದು ಬಹಳ ಬೇಜಾರಿನಲ್ಲಿ ಹೇಳಿದರು. "ನೀನು ಒಳ್ಳೆ ಹುಡುಗಿ. ತಪ್ಪಾಯ್ತು ಅಂತ ಒಂದು ಕಾಗದ ಬರೆದು ಕೊಟ್ರೆ ಮುಗೀತು. ಅಪ್ಪನಿಗೆ ಗೊತ್ತಾಗುದೂ ಬೇಡ."

"ಬರೆದದ್ದು ನಾನಲ್ಲ ಸರ್," ಎಂದೆ. ಎರಡು ಸಲ ಹೇಳಿದೆ. ಮಂಡಳಿಯವರು ಗಡಿಯಾರ ನೋಡಿದರು. ಹೆಡ್ಮಾಷ್ಟ್ರು ಒಂದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು.

"ಮಾಷ್ಟ್ರೆ, ನೀವು ಹೇಳಿ ಬರೆಸಿ," ಎಂದರು ಹೆಡ್ಮಾಷ್ಟ್ರು. "ನಿಮ್ಮದು ಭಾಷೆ ಒಳ್ಳೇದುಂಟು."

ನಾನು ಅವರ ಮುಖ ನೋಡಿದೆ. ಅವರು ಹೊರಗೆ ನೋಡುತ್ತಿದ್ದರು. ಹಾಗೇ ಹೊರಗೆ ನೋಡುತ್ತಲೇ ಹೇಳತೊಡಗಿದರು. ಕ್ಲಾಸಿನಲ್ಲಿ ಡಿಕ್ಟೇಶನ್ ಕೊಡುವಾಗಿನ ಅದೇ ಸ್ವರ. ಅಲ್ಪವಿರಾಮ ಎಲ್ಲಿ, ಪೂರ್ಣವಿರಾಮ ಎಲ್ಲಿ ಎಂದು ಕೂಡ ಹಾಗೆಯೇ ಹೇಳುತ್ತಿದ್ದರು. ನನ್ನ ಪೆನ್ನಿನ ಶಾಯಿ ಅರ್ಧಕ್ಕೆ ನಿಂತಾಗ ತಮ್ಮ ಪೆನ್ನು ಕೊಟ್ಟರು. ಕೊನೆಯ ವಾಕ್ಯ ನನಗೆ ಈಗಲೂ ಬಾಯಿಪಾಠ. "ಈ ಕ್ಷಮಾಪಣೆ ಪತ್ರವನ್ನು ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಬರೆದುಕೊಟ್ಟಿರುತ್ತೇನೆ."

ಸಹಿ ಹಾಕುವ ಜಾಗಕ್ಕೆ ಬಂದಾಗ, 'ಇತಿ ತಮ್ಮ ವಿಧೇಯ' ಎಂದು ಬರೆಯಬೇಕಾದಲ್ಲಿ, ಇಂಗ್ಲಿಷಿನಲ್ಲಿ ಅಂಡರ್ ಡ್ಯೂರೆಸ್ ಎಂದು ಬರೆದು ಅದರ ಕೆಳಗೆ ನನ್ನ ಹೆಸರು ಬರೆದೆ. ಯೋಚಿಸಿ ಮಾಡಿದ್ದಲ್ಲ. ಆ ಕೋಣೆಯಲ್ಲಿ ನನಗೆ ಗೊತ್ತಿದ್ದ ಒಂದೇ ನಿಜ ಅದಾಗಿತ್ತು.

ಹೆಡ್ಮಾಷ್ಟ್ರು ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಕಣ್ಣಾಡಿಸಿದರು. ಅವರು ಗಣಿತದವರು. "ಕೊನೆಗೆ ಇಂಗ್ಲಿಷ್ ಕೂಡ ಹಾಕಿದ್ದಾಳೆ," ಎಂದು ಮಂಡಳಿಯವರಿಗೆ ತೋರಿಸಿದರು. ಯುವರ್ಸ್ ಒಬೀಡಿಯೆಂಟ್ಲಿಯ ಹಾಗೆ ಅದೂ ಒಂದು ಎಂದು ತಿಳಿದುಕೊಂಡಿರಬೇಕು. "ಸರಿ ಉಂಟಾ ನೋಡಿ ಮಾಷ್ಟ್ರೆ."

ಮಾಷ್ಟ್ರು ಓದಿದರು. ಕೊನೆಗೆ ಬಂದಾಗ ಅವರ ಕಣ್ಣು ನಿಂತದ್ದನ್ನು ನಾನು ನೋಡಿದೆ. ಕನ್ನಡಕ ತೆಗೆಯಲು ಕೈ ಎತ್ತಿದವರು ಹಾಗೇ ಇಳಿಸಿದರು.

"ಸರಿ ಉಂಟು," ಎಂದು ಕಾಗದವನ್ನು ವಾಪಸು ಕೊಟ್ಟರು.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಬೀಡಿ ಎಲೆ ಕತ್ತರಿಸುತ್ತ ಕೇಳಿಸಿಕೊಂಡರು. "ನೀನು ಬರೀದಿದ್ರೆ ಮತ್ತೆ ಯಾಕೆ ತಪ್ಪಾಯ್ತು ಅಂತ ಕೊಟ್ಟೆ?" ಎಂದು ಕೇಳಿದರು. ನಮ್ಮದು ತುಳು ಮನೆ. ಇಂಗ್ಲಿಷಿನ ಆ ಎರಡು ಶಬ್ದಕ್ಕೆ ತುಳುವಿನಲ್ಲಿ ನನಗೆ ಏನೂ ಹೊಳೆಯಲಿಲ್ಲ. ಎಲ್ಲ ಸುತ್ತ ನಿಂತಿದ್ದರು ಎಂದಷ್ಟೇ ಹೇಳಿದೆ. ಅಮ್ಮ ಕತ್ತರಿ ಕೆಳಗಿಟ್ಟು ನನ್ನ ತಲೆಯ ಮೇಲೆ ಕೈ ಇಟ್ಟರು. ಅಪ್ಪನಿಗೆ ಹೇಳಲಿಲ್ಲ.

ಶಾಲೆಯವರು ಆ ಕಾಗದದ ನಕಲನ್ನು ಇಲಾಖೆಗೆ ಕಳಿಸಿದರು, ಹುಡುಗಿ ತಪ್ಪು ಒಪ್ಪಿಕೊಂಡಿದ್ದಾಳೆ ಎಂದು. ಹದಿನೈದು ದಿನವಾಗಿರಬಹುದು, ಅಧಿಕಾರಿ ಒಬ್ಬರು ಬಂದರು. ನೂಲಿನ ಸೀರೆ ಉಟ್ಟ, ಸಣ್ಣ ಸ್ವರದ ಹೆಂಗಸು. ಮತ್ತೆ ಅದೇ ಕೋಣೆಗೆ ನನ್ನನ್ನು ಕರೆಸಿದರು. ಈ ಸಲ ಹೆಡ್ಮಾಷ್ಟ್ರ ಕುರ್ಚಿಯಲ್ಲಿ ಕೂತವರು ಆ ಮೇಡಂ.

"ಇದನ್ನು ನೀನೇ ಬರೆದದ್ದಾ?"

"ಹೌದು ಮೇಡಂ."

"ಈ ಇಂಗ್ಲಿಷ್ ಶಬ್ದಗಳನ್ನೂ?"

"ಹೌದು."

ನಡುವೆ ಹೆಡ್ಮಾಷ್ಟ್ರು ಬಾಯಿ ಹಾಕಿದರು. ಅಷ್ಟರಲ್ಲಿ ಅವರಿಗೂ ಅರ್ಥ ಗೊತ್ತಾಗಿತ್ತು. "ಮಕ್ಕಳಲ್ವಾ ಮೇಡಂ. ಎಲ್ಲಿಯೋ ಕೇಳಿದ್ದನ್ನು ಚಂದಕ್ಕೆ ಹಾಕ್ತಾರೆ. ಅರ್ಥ ಗೊತ್ತಿರುದಿಲ್ಲ."

ಮೇಡಂ ಮಾಷ್ಟ್ರ ಕಡೆ ತಿರುಗಿದರು. "ಇಂಗ್ಲಿಷ್ ತೆಗೆದುಕೊಳ್ಳುವುದು ನೀವಲ್ಲವಾ? ಹೇಳಿ. ಹುಡುಗಿ ಅರ್ಥ ಗೊತ್ತಿಲ್ಲದೆ ಬರೆದಳಾ?"

ಹೌದು ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ನನಗೂ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ. ತಿಳಿಯದ ಹುಡುಗಿ ಎಂದು ಬಿಟ್ಟುಬಿಡುತ್ತಿದ್ದರು. ಹೆಡ್ಮಾಷ್ಟ್ರು ಅವರನ್ನೇ ನೋಡುತ್ತಿದ್ದರು. ಮಾಷ್ಟ್ರು ಕನ್ನಡಕ ತೆಗೆದರು, ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು.

"ಅರ್ಥ ಗೊತ್ತುಂಟು ಮೇಡಂ. ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ನಾನೇ."

"ಮೇಲೆ ಯಾರ ಒತ್ತಾಯವೂ ಇಲ್ಲ ಅಂತ ಇದೆ. ಕೆಳಗೆ ಹೀಗಿದೆ. ಎರಡರಲ್ಲಿ ಯಾವುದು ಸರಿ?"

"ಮೇಲಿನ ವಾಕ್ಯ ನನ್ನದು. ನಾನು ಹೇಳಿದ್ದು, ಅವಳು ಬರೆದದ್ದು. ಕೆಳಗಿನ ಎರಡು ಶಬ್ದ ಮಾತ್ರ ಅವಳದ್ದು." ಕಾಗದದ ಕೊನೆಗೆ ಬೆರಳಿಟ್ಟು, "ಅವಳ ಪ್ರಯೋಗ ಸರಿ ಉಂಟು," ಎಂದರು.

ಮೇಡಂ ಹೆಡ್ಮಾಷ್ಟ್ರ ಕಡೆ ತಿರುಗಿ, ಬೀಗದ ಕೈ ಕೊಡಿ ಎಂದರು. ಹೆಡ್ಮಾಷ್ಟ್ರು ಡ್ರಾಯರ್ ಎಳೆದು ಕೊಟ್ಟರು. ಮೇಡಂ ತಾವೇ ಹೋಗಿ ಶೌಚಾಲಯದ ಬಾಗಿಲು ತೆಗೆದು ಒಳಗೆ ನೋಡಿ, ಬೀಗವನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಮತ್ತೆ ಅದಕ್ಕೆ ಬೀಗ ಬೀಳಲಿಲ್ಲ. ನನಗೆ ಹಾಲ್ ಟಿಕೆಟ್ ಬಂತು, ಪಾಸಾದೆ. ಮಾಷ್ಟ್ರು ಪರೀಕ್ಷೆ ಬರುವವರೆಗೂ ಪಾಠ ಮಾಡಿದರು, ಆದರೆ ನನ್ನ ಬೆಂಚಿನ ಕಡೆ ನೋಡುತ್ತಿರಲಿಲ್ಲ. ಆ ಕೋಣೆಯ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಜೂನ್‌ನಲ್ಲಿ ಸರ್ಟಿಫಿಕೇಟ್ ತರಲು ಹೋದಾಗ ಅವರು ಶಾಲೆ ಬಿಟ್ಟಿದ್ದರು. ಮನೆ ಕಡೆ ಏನೋ ತೊಂದರೆಯಂತೆ ಎಂದು ಕ್ಲಾರ್ಕ್ ಹೇಳಿದರು.

ನಾನು ಮುಂದೆ ನರ್ಸಿಂಗ್ ಕಲಿತೆ. ಈಗ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿದ್ದೇನೆ. ಆಪರೇಶನ್ನಿಗೆ ಮೊದಲು ರೋಗಿಯ ಸಹಿ ತೆಗೆದುಕೊಳ್ಳುವುದು ನನ್ನ ಕೆಲಸಗಳಲ್ಲಿ ಒಂದು. ಮುದುಕಿಯೊಬ್ಬಳ ಮಂಚದ ಸುತ್ತ ಮಗ, ಸೊಸೆ, ಅಳಿಯ ನಿಂತು "ಹಾಕಿ ಅಮ್ಮ, ಹಾಕಿ" ಎನ್ನುತ್ತಿದ್ದರೆ, ಸ್ವಲ್ಪ ಹೊರಗೆ ಹೋಗಿ ಎಂದು ಅವರಿಗೆ ಹೇಳುತ್ತೇನೆ. ಇದು ಯಾವ ಕೋರ್ಸಿನಲ್ಲೂ ಕಲಿಸಿದ್ದಲ್ಲ.

ಮಾಷ್ಟ್ರನ್ನು ಮತ್ತೆ ನೋಡಿದ್ದು ಆರೇಳು ವರ್ಷದ ಹಿಂದೆ. ಮಡಿಕೇರಿಗೆ ಹೋಗುವ ಬಸ್ಸು ಅರಂತೋಡಿನಲ್ಲಿ ನಿಂತಿತ್ತು. ರಸ್ತೆಬದಿಯ ಸಣ್ಣ ಜೆರಾಕ್ಸ್ ಅಂಗಡಿಯೊಂದರಲ್ಲಿ ಬಿಳಿ ಜೇಬಿನ ಅಂಗಿ ಹಾಕಿದವರೊಬ್ಬರು ಕಾಣಿಸಿದರು. ಸೀಮೆಸುಣ್ಣವಲ್ಲ, ಬಟ್ಟೆಯೇ ಬಿಳಿ. ನಾನು ಇಳಿದುಬಿಟ್ಟೆ.

ಗುರುತು ಹಿಡಿಯಲು ಅವರಿಗೆ ಹೊತ್ತು ಬೇಕಾಗಲಿಲ್ಲ. ಒಳಗಿನಿಂದ ಸ್ಟೂಲು ತಂದು ಹಾಕಿದರು. ಅಪ್ಪ, ಅಮ್ಮ, ಮದುವೆ, ಮಕ್ಕಳು ಎಲ್ಲ ಕೇಳಿ ಆಯಿತು. ನಾನು ಎಷ್ಟೋ ವರ್ಷದಿಂದ ಕಟ್ಟಿಕೊಂಡಿದ್ದ ಮಾತನ್ನು ಹೇಳಿದೆ. "ನೀವು ಆ ದಿನ ಆ ಎರಡು ಶಬ್ದವನ್ನು ಹೊಡೆದು ಹಾಕ್ಬಹುದಿತ್ತು ಸರ್. ಹಾಕ್ಲಿಲ್ಲ."

"ಅದನ್ನು ದೊಡ್ಡದು ಮಾಡ್ಬೇಡ ಮಾರಾಯ್ತಿ," ಎಂದರು. "ಯಾರೂ ಓದುದಿಲ್ಲ ಅಂತ ಗ್ರಹಿಸಿದೆ. ಫೈಲಿಗೆ ಹೋಗ್ತದೆ, ಧೂಳು ಹಿಡೀತದೆ. ನಿನಗೂ ಸಮಾಧಾನ, ನನಗೂ ತೊಂದ್ರೆ ಇಲ್ಲ."

"ಮತ್ತೆ ಮೇಡಂ ಕೇಳಿದಾಗ?"

"ಅದೂ ಧೈರ್ಯ ಅಲ್ಲ. ಅರ್ಥ ಗೊತ್ತಿರುದಿಲ್ಲ ಅಂತ ಹೆಡ್ಮಾಷ್ಟ್ರು ಹೇಳಿದ್ರಲ್ಲ, ಅದು ನನಗೆ ತಾಗಿತು. ನನ್ನ ಕ್ಲಾಸಿನಲ್ಲಿ ಕಲಿತವಳಿಗೆ ಅರ್ಥ ಗೊತ್ತಿಲ್ಲ ಅಂತ ನಾನು ಹೇಗೆ ಒಪ್ಪುದು?" ಎಂದು ಸಣ್ಣಗೆ ನಕ್ಕರು.

ಶಾಲೆ ಬಿಟ್ಟ ವಿಷಯವನ್ನೂ ಕೇಳಿದೆ. ರಾಜೀನಾಮೆ ಕೇಳಿದ್ದು ಹೌದು ಎಂದರು. ಡ್ರಾಫ್ಟನ್ನು ಮಂಡಳಿಯವರೇ ಮಾಡಿ ತಂದಿದ್ದರಂತೆ. ಅದರಲ್ಲೂ 'ಸ್ವಇಚ್ಛೆಯಿಂದ' ಎಂದು ಇತ್ತಂತೆ.

"ನೀವು ಅದರ ಕೆಳಗೆ ಏನಾದ್ರೂ..."

"ಇಲ್ಲ. ಪೆನ್ನು ಹಿಡ್ಕೊಂಡು ಸುಮಾರು ಹೊತ್ತು ಕೂತೆ. ಆದ್ರೆ ಅವರು ಕೇಳದಿದ್ರೂ ನನಗೆ ಅಲ್ಲಿ ಇರ್ಲಿಕ್ಕೆ ಆಗ್ತಿರ್ಲಿಲ್ಲ. ಆ ಕೋಣೆಗೆ ಹೋಗುವಾಗೆಲ್ಲ ನಿನಗೆ ಡಿಕ್ಟೇಶನ್ ಕೊಟ್ಟದ್ದು ನೆನಪಾಗ್ತಿತ್ತು. ಹಾಗಿರುವಾಗ ಆ ಶಬ್ದ ಹಾಕಿದ್ರೆ ತಪ್ಪು ಪ್ರಯೋಗ. ಡ್ರಾಫ್ಟಿನಲ್ಲಿ ಒಂದು ಕಾಗುಣಿತ ತಪ್ಪಿತ್ತು. ಅದನ್ನು ತಿದ್ದಿ ಸೈನ್ ಹಾಕಿದೆ."

ಒಬ್ಬರು ಬಂದು ರೇಷನ್ ಕಾರ್ಡಿನ ಪ್ರತಿ ತೆಗೆಸಿಕೊಂಡು ಹೋದರು. ಮಾಷ್ಟ್ರು ಮತ್ತೆ ಬಂದು ಕೂತವರು, "ಆ ದಿನ ನಿನಗೆ ನನ್ನ ಮೇಲೆ ಸಿಟ್ಟು ಬಂದಿತ್ತಾ?" ಎಂದು ಕೇಳಿದರು.

"ಇಲ್ಲ ಸರ್," ಎಂದೆ.

ಅವರು ಸುಮ್ಮನೆ ಕಾದರು. ಕ್ಲಾಸಿನಲ್ಲಿ ತಪ್ಪು ಉತ್ತರ ಬಂದರೆ ಕಾಯುತ್ತಿದ್ದ ಹಾಗೆಯೇ. "ಈಗ ನಾನು ನಿನ್ನ ಮಾಷ್ಟ್ರಲ್ಲ. ಅಂಗಡಿಯವ. ಹೇಳು."

"ಬಂದಿತ್ತು," ಎಂದೆ. ನನ್ನ ಸ್ವರ ನನಗೇ ಒರಟಾಗಿ ಕೇಳಿಸಿತು. "ಹೆಡ್ಮಾಷ್ಟ್ರ ಮೇಲೆ ಅಲ್ಲ. ಅವರು ಹಾಗೇ ಅಂತ ಗೊತ್ತಿತ್ತು. ನಿಮ್ಮ ಮೇಲೆ. ನೀವು ಅಲ್ಪವಿರಾಮ ಕೂಡ ಹೇಳಿ ಬರೆಸಿದ್ರಿ ಸರ್."

"ಹೌದು," ಎಂದರು. "ಈಗಲೂ ಉಂಟಾ?"

"ಸ್ವಲ್ಪ ಉಂಟು."

ಮಾಷ್ಟ್ರು ಎದ್ದು ನಿಂತರು. ನಾನೂ ಏಳಲು ಹೋದೆ, ಕೂತುಕೋ ಎಂದು ಕೈ ಮಾಡಿದರು. "ನೀನು ಇಲ್ಲ ಅಂದಿದ್ರೆ ನನಗೆ ಹೇಳ್ಲಿಕ್ಕೆ ಆಗ್ತಿರ್ಲಿಲ್ಲ. ಸಿಟ್ಟೇ ಇಲ್ಲದವರ ಹತ್ರ ಎಂತ ಹೇಳುದು? ನನ್ನಿಂದ ತಪ್ಪಾಯ್ತು. ಪರವಾಗಿಲ್ಲ ಅಂತ ನೀನು ಹೇಳ್ಬೇಕಂತ ಇಲ್ಲ."

ನಾನು ಹೇಳಲಿಲ್ಲ. ನಿಜವಾಗಿಯೂ ಬಾಯಿಗೆ ಬರಲಿಲ್ಲ. ಅವರು ಎದುರಿನ ಹೋಟೆಲಿನಿಂದ ಎರಡು ಚಹಾ ತರಿಸಿದರು, ಕುಡಿದೆವು. ಮುಂದಿನ ಬಸ್ಸಿಗೆ ಹತ್ತಿದೆ.

ಆಮೇಲೆ ಆ ದಾರಿಯಲ್ಲಿ ಹೋಗುವಾಗೆಲ್ಲ ಇಳಿಯತೊಡಗಿದೆ. ಬೇಡದ ಪೆನ್ನು, ಮಕ್ಕಳಿಗೆ ನೋಟ್‌ಬುಕ್ ಎಂದು ಏನಾದರೂ ತೆಗೆದುಕೊಳ್ಳುವುದು. ಆ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ. ಎರಡು ಮಳೆಗಾಲ ಕಳೆದಿರಬಹುದು. ಒಂದು ಸಲ ನನ್ನದೇ ಯಾವುದೋ ಸರ್ಟಿಫಿಕೇಟಿನ ಪ್ರತಿ ತೆಗೆಸುತ್ತಿದ್ದೆ. ಅವರು ಬೆನ್ನು ಹಾಕಿ ಯಂತ್ರದ ಮುಂದೆ ನಿಂತಿದ್ದರು. ಹಿಂದಿನ ಗಳಿಗೆಯವರೆಗೂ ನನ್ನ ಮನಸ್ಸಿನಲ್ಲಿ ಇರಲಿಲ್ಲ, ಬಾಯಿಂದ ಬಂತು.

"ಸರ್, ಪರವಾಗಿಲ್ಲ."

"ಎಂತ ಪರವಾಗಿಲ್ಲ? ಕಪ್ಪು ಬಂತಾ?" ಎಂದು ಕಾಗದವನ್ನು ಬೆಳಕಿಗೆ ಹಿಡಿದರು.

"ಕಾಗದ ಅಲ್ಲ ಸರ್. ಅದು. ಆ ದಿನದ್ದು."

ಅವರು ಪ್ರತಿಗಳನ್ನು ಒಟ್ಟು ಮಾಡಿ, ಮೇಜಿನ ಮೇಲೆ ಎರಡು ಸಲ ಕುಟ್ಟಿ ಅಂಚು ಸರಿ ಮಾಡಿದರು. ಆಮೇಲೆ ತಿರುಗಿದರು.

"ಹೇಳು ಅಂತ ಯಾರಾದ್ರೂ ಹೇಳಿದ್ರಾ ನಿನಗೆ?"

"ಇಲ್ಲ ಸರ್."

"ಹಾಂ," ಎಂದರು. ಪ್ರತಿಗಳನ್ನು ನನ್ನ ಕೈಗೆ ಕೊಟ್ಟು, ನನ್ನ ಹಿಂದೆ ಕಾಯುತ್ತಿದ್ದವರ ಕೈಯಿಂದ ಆಧಾರ್ ಕಾರ್ಡ್ ತೆಗೆದುಕೊಂಡು ಗಾಜಿನ ಮೇಲೆ ಇಟ್ಟರು.